ಲಿಸ್ಬನ್ನಿನಲ್ಲಿ ಮಧ್ಯಾಹ್ನದ ಊಟ

ಯುರೋಪಿನ ಒಂದೇ ಊರಿಗೆ ಮೂರು ದಿನದ ಮಟ್ಟಿಗೆ ಹೋಗಿಬರುವ ರೂಢಿ ನಮ್ಮವರಲ್ಲೂ ಬೆಳೆಯುತ್ತಿದೆ. ಹದಿನೈದು ದಿನದಲ್ಲಿ ಒಂಬತ್ತು ದೇಶ ತೋರಿಸುವ ಬಸ್ ಪ್ಯಾಕೇಜಿನಿಂದ ಸುಸ್ತಾದವರು, ಲಂಡನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿ ತಿಂಗಳು ಕೂತವರು, ಶುಕ್ರವಾರ ರಜೆ ಹಾಕಿ ಅಗ್ಗದ ವಿಮಾನ ಹಿಡಿಯುವ ಅಲ್ಲಿನ ಕನ್ನಡದ ಹುಡುಗ ಹುಡುಗಿಯರು, ಎಲ್ಲರಿಗೂ ಇದು ಒಗ್ಗಿದೆ. ಒಳ್ಳೆಯದೇ. ಆದರೆ ಅವರು ಹಾಕಿಕೊಂಡ ಕಾರ್ಯಕ್ರಮ ನೋಡಿದರೆ ಒಂಬತ್ತು ದೇಶದ ಅವಸರವೆಲ್ಲ ಒಂದೇ ಊರಿನ ಮೇಲೆ ಬಿದ್ದಿರುತ್ತದೆ. ಲಿಸ್ಬನ್ ಎಂದರೆ ಮೊದಲ ದಿನ ಕೋಟೆ, 28ನೇ ನಂಬರಿನ ಟ್ರಾಮ್, ಸಾಂತಾ ಜುಸ್ತಾ ಲಿಫ್ಟ್. ಎರಡನೇ ದಿನ ಸಿಂತ್ರಾದ ಅರಮನೆಗಳು, ಅಲ್ಲಿಂದ ಖಂಡದ ಪಶ್ಚಿಮ ತುದಿಯಾದ ಕಾಬೊ ದ ರೋಕಾ. ಮೂರನೇ ದಿನ ಬೆಲೆಂ, ಸಂಜೆ ವಿಮಾನ. ಈ ಪಟ್ಟಿಯಲ್ಲಿ ಮಧ್ಯಾಹ್ನ ಒಂದು ಗಂಟೆ ಎನ್ನುವುದೇ ಇಲ್ಲ. ಆ ಹೊತ್ತಿಗೆ ಯಾವುದೋ ಕ್ಯೂನಲ್ಲಿ ನಿಂತು ಬ್ಯಾಗಿನೊಳಗಿನ ಬಿಸ್ಕೆಟ್ ಪೊಟ್ಟಣ ಒಡೆಯುತ್ತಿರುತ್ತೇವೆ.

ನನ್ನ ವಾದ ಇಷ್ಟೆ. ದಿನ ಕಡಿಮೆ ಇದ್ದಾಗ ಕತ್ತರಿ ಬೀಳಬೇಕಾದದ್ದು ನೋಡುವ ಪಟ್ಟಿಗೆ, ಊಟದ ಹೊತ್ತಿಗಲ್ಲ. ದಿನಕ್ಕೆ ಒಂದು ಜಾಗ ನೋಡಿದರೆ ಸಾಕು. ಮಧ್ಯಾಹ್ನದ ಊಟಕ್ಕೆ ಒಂದೂವರೆ ಗಂಟೆ ಕೊಡಬೇಕು. ಇದು ತಿಂಡಿಪೋತರ ಮಾತು ಎಂದು ತಳ್ಳಿಹಾಕುವ ಮೊದಲು, ನಾವು ಕ್ಯೂ ನಿಂತು ನೋಡುವುದಾದರೂ ಏನನ್ನು ಎಂದು ಸ್ವಲ್ಪ ವಿಚಾರಿಸೋಣ.

ಗುಡ್ಡದ ಮೇಲಿನ ಸಾವೊ ಜಾರ್ಜ್ ಕೋಟೆಯನ್ನೇ ತೆಗೆದುಕೊಳ್ಳಿ. ಜಾಗ ಹಳೆಯದು, ನಿಜ. ಮೂರ್ ಅರಸರ ಕೈಯಿಂದ 1147ರಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೋನ್ಸು ಹೆನ್ರಿಕೆಸ್ ಗೆದ್ದುಕೊಂಡದ್ದು. ಆದರೆ ಫೋಟೋದಲ್ಲಿ ಚೆಂದ ಬರುವ ಗೋಡೆ, ಬುರುಜು, ತೆನೆಗಳ ಬಹುಪಾಲು 1938ರಿಂದೀಚೆಗೆ ಸಲಾಜಾರನ ಸರ್ವಾಧಿಕಾರಿ ಸರ್ಕಾರ ಕಟ್ಟಿಸಿದ್ದು. ನಡುವಿನ ಶತಮಾನಗಳಲ್ಲಿ ಕೋಟೆಯೊಳಗೆ ಎದ್ದಿದ್ದ ಸೈನ್ಯದ ಕಟ್ಟಡಗಳನ್ನು ಕೆಡವಿ, ಮಧ್ಯಯುಗದ ಕೋಟೆ ಹೇಗಿರಬೇಕು ಎಂದು ಆ ಸರ್ಕಾರಕ್ಕೆ ಅನ್ನಿಸಿತ್ತೋ ಹಾಗೆ ಮಾಡಿ ನಿಲ್ಲಿಸಿದರು. ಬೆಲೆಂ ದಡದಲ್ಲಿ ಹಡಗಿನ ಮೂತಿಯಂತೆ ನದಿಗೆ ಚಾಚಿ ನಿಂತ ಶೋಧಯಾತ್ರೆಗಳ ಸ್ಮಾರಕದ ಕಥೆಯೂ ಇದೇ. 1940ರ ವಸ್ತುಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಎಬ್ಬಿಸಿದ್ದನ್ನು 1960ರಲ್ಲಿ ಕಾಂಕ್ರೀಟು, ಕಲ್ಲಿನಲ್ಲಿ ಮತ್ತೆ ಕಟ್ಟಿದರು. ನಮ್ಮ ವಿಧಾನಸೌಧಕ್ಕಿಂತ ಚಿಕ್ಕ ವಯಸ್ಸು ಅದಕ್ಕೆ. ಇವು ನೋಡಬಾರದವು ಎಂದು ಹೇಳುತ್ತಿಲ್ಲ. ಆದರೆ ಇವು ಒಂದು ಸರ್ಕಾರ ತನ್ನ ಜನಕ್ಕೂ ಬಂದವರಿಗೂ ತೋರಿಸಬೇಕೆಂದು ಆರಿಸಿ ಜೋಡಿಸಿದ ನೋಟಗಳು. ‘ನಿಜವಾದ ಲಿಸ್ಬನ್ ನೋಡಿ ಬಂದೆವು’ ಎನ್ನುವವರು ಅರ್ಧ ದಿನ ಕಳೆದದ್ದು 20ನೇ ಶತಮಾನದ ಪ್ರಚಾರ ಇಲಾಖೆಯ ಜೊತೆಗೆ.

ನಿಜವಾಗಿ ಹಳೆಯದಾದ ಲಿಸ್ಬನ್ ಬಹಳಷ್ಟು ಉಳಿದೂ ಇಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ, ಸಕಲ ಸಂತರ ಹಬ್ಬಕ್ಕೆ ಜನ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೆ ಭೂಮಿ ನಡುಗಿತು. ಹಿಂದೆಯೇ ನದಿಯಲ್ಲಿ ಸುನಾಮಿ ಬಂತು, ಮೇಲೆ ಬೆಂಕಿ ದಿನಗಟ್ಟಲೆ ಉರಿಯಿತು. ಮಂತ್ರಿ ಪೊಂಬಾಲ್ ಮತ್ತೆ ಕಟ್ಟಿಸಿದ ಪೇಟೆಭಾಗ ಬೈಶಾ ಇವತ್ತಿಗೂ ಗೆರೆ ಎಳೆದಂತೆ ನೇರ ಬೀದಿಗಳ ಜಾಗ. ಅಲ್ಲಿನ ಅತಿ ದೊಡ್ಡ ಸೋಜಿಗವೆಂದರೆ ಗೋಡೆಗಳ ಒಳಗೆ ಹುದುಗಿಸಿದ ಮರದ ಚೌಕಟ್ಟು. ಭೂಕಂಪ ಬಂದರೆ ಗಾರೆ ಉದುರಿದರೂ ಮನೆ ಕುಸಿಯದಿರಲಿ ಎಂದು ಮಾಡಿದ ಉಪಾಯ ಅದು. ಅದು ಹೊರಗಿನಿಂದ ಕಾಣುವುದೇ ಇಲ್ಲ. ಪ್ರವಾಸಿಗಳು ಅದರ ಪಕ್ಕದಲ್ಲೇ ನಡೆದು, 1902ರ ಸಾಂತಾ ಜುಸ್ತಾ ಲಿಫ್ಟಿನ ಕ್ಯೂಗೆ ಹೋಗಿ ನಿಲ್ಲುತ್ತಾರೆ. ಆ ಲಿಫ್ಟು ತಲುಪಿಸುವ ಕಾರ್ಮು ಚೌಕಕ್ಕೆ ಪಕ್ಕದ ಏರುದಾರಿಯಲ್ಲಿ ನಡೆದರೆ ಹತ್ತು ನಿಮಿಷ.

ಇನ್ನು ಊಟದ ಮನೆಗೆ ಬರೋಣ. ಲಿಸ್ಬನ್ನಿನ ಬಡಾವಣೆಗಳಲ್ಲಿ ತಾಸ್ಕಾ ಎಂಬ ಸಣ್ಣ ಊಟದ ಅಂಗಡಿಗಳಿವೆ. ಗಾಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಆ ದಿನದ ಅಡುಗೆಗಳನ್ನು ಕೈಬರಹದಲ್ಲಿ ಬರೆದಿರುತ್ತಾರೆ. ಒಳಗೆ ಹತ್ತು ಹನ್ನೆರಡು ಮೇಜು, ಮೇಜಿನ ಮೇಲೆ ಬಟ್ಟೆಯ ಬದಲು ಬಿಳಿ ಕಾಗದ, ಮೂಲೆಯಲ್ಲಿ ಸದ್ದು ತಗ್ಗಿಸಿದ ಟಿವಿ. ಹನ್ನೆರಡೂವರೆಗೆ ಜನ ಬರಲು ಶುರು, ಒಂದಕ್ಕೆ ಜಾಗವಿಲ್ಲ. ಪಕ್ಕದ ಕಟ್ಟಡಕ್ಕೆ ಸುಣ್ಣ ಬಳಿಯುತ್ತಿದ್ದವರು, ಬ್ಯಾಂಕಿನವರು, ಒಬ್ಬರೇ ಬಂದು ತಮ್ಮ ಮಾಮೂಲಿ ಮೂಲೆಯಲ್ಲಿ ಕೂರುವ ಅಜ್ಜಿ, ಎಲ್ಲರೂ ಒತ್ತಿಕೊಂಡು ಕೂರುತ್ತಾರೆ. ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಬೆಣ್ಣೆ, ಆಲಿವ್ ತಂದಿಡುತ್ತಾರೆ. ಅದು ಪುಕ್ಕಟೆಯಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಮುಟ್ಟದಿದ್ದರೆ ಹಣ ಕೇಳುವ ಹಾಗಿಲ್ಲ. ಬೇಡವೆಂದರೆ ಬೇಸರಿಸದೆ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ತರಕಾರಿ ಸೂಪು, ಅದರ ಹಿಂದೆ ತಟ್ಟೆ ತುಂಬ ಮೀನೋ ಮಾಂಸವೋ, ಜೊತೆಗೆ ಆಲೂಗಡ್ಡೆ, ಅನ್ನ, ಎರಡೂ. ಯುರೋಪಿನಲ್ಲಿ ತಲಾ ಲೆಕ್ಕದಲ್ಲಿ ಅತಿ ಹೆಚ್ಚು ಅನ್ನ ಉಣ್ಣುವವರು ಪೋರ್ಚುಗೀಸರು ಎಂಬುದು ನಮ್ಮವರಲ್ಲಿ ಅನೇಕರಿಗೆ ಹೊಸ ಸುದ್ದಿ. ಕೊತ್ತಂಬರಿ ಸೊಪ್ಪನ್ನು ನಮ್ಮಷ್ಟೇ ಧಾರಾಳವಾಗಿ ಹಾಕುವವರೂ ಆ ಖಂಡದಲ್ಲಿ ಇವರೇ. ಕೊನೆಗೆ ಸಣ್ಣ ಬಟ್ಟಲಿನ ಕಟು ಕಾಫಿ. ಬಿಲ್ಲನ್ನು ಎಷ್ಟೋ ಕಡೆ ಇನ್ನೂ ಮೇಜಿನ ಕಾಗದದ ಅಂಚಿನಲ್ಲೇ ಪೆನ್ನಿನಿಂದ ಕೂಡಿ ತೋರಿಸುತ್ತಾರೆ. ದಿನದ ಊಟಕ್ಕೆ ಹತ್ತು ಯೂರೋ ಆಸುಪಾಸು. ಅದೇ ಊರಿನ ಪ್ರವಾಸಿ ಬೀದಿಯಲ್ಲಿ ಐದು ಭಾಷೆಯ, ಬಣ್ಣದ ಫೋಟೋಗಳ ಮೆನು ಹಿಡಿದು ಬಾಗಿಲಲ್ಲಿ ಕರೆಯುವವರು ಕೇಳುವುದು ಇದರ ದುಪ್ಪಟ್ಟು.

ಇದರಲ್ಲಿ ನೋಡುವಂಥದ್ದು ಏನಿದೆ? ತಟ್ಟೆಯಲ್ಲಿರುವ ಬಕಲ್ಯಾವ್ ಎಂಬ ಉಪ್ಪುಹಾಕಿ ಒಣಗಿಸಿದ ಕಾಡ್ ಮೀನನ್ನೇ ನೋಡಿ. ಪೋರ್ಚುಗಲ್ಲಿನ ರಾಷ್ಟ್ರೀಯ ಅಡುಗೆ ಎಂದು ಎಲ್ಲರೂ ಹೇಳುವ ಈ ಮೀನು ಆ ದೇಶದ ಕಡಲಿನಲ್ಲಿ ಸಿಗುವುದೇ ಇಲ್ಲ. ಐನೂರು ವರ್ಷಗಳ ಹಿಂದೆಯೇ ಅಟ್ಲಾಂಟಿಕ್ಕಿನ ಆಚೆಯ ನ್ಯೂಫೌಂಡ್‌ಲ್ಯಾಂಡಿನ ತಣ್ಣೀರಿಗೆ ಹೋಗಿ ಹಿಡಿದು ತರುತ್ತಿದ್ದರು. ಈಗ ಹೆಚ್ಚಿನದು ಬರುವುದು ನಾರ್ವೆಯಿಂದ. ಚರ್ಚು ಮಾಂಸ ನಿಷೇಧಿಸಿದ ದಿನಗಳು ವರ್ಷದಲ್ಲಿ ಅಷ್ಟೊಂದು ಇದ್ದ ಕಾಲದಲ್ಲಿ ತಿಂಗಳುಗಟ್ಟಲೆ ಕೆಡದ ಈ ಮೀನು ಒಳನಾಡಿನ ಬಡವರ ಮನೆಯನ್ನೂ ತಲುಪಿತು. ಊಟದ ಮೇಜಿನಲ್ಲಿ ಸರ್ಕಾರದ ಕೈವಾಡ ಇರುವುದಿಲ್ಲ ಎಂದು ಹೇಳಹೊರಟರೆ ಇಲ್ಲಿ ಸಿಕ್ಕಿಬೀಳುತ್ತೇವೆ. ಕೋಟೆಗೆ ತೆನೆ ಕಟ್ಟಿಸಿದ ಅದೇ ಸಲಾಜಾರ್ ಸರ್ಕಾರ 1934ರಿಂದ ಬಕಲ್ಯಾವ್ ವ್ಯಾಪಾರವನ್ನು ತನ್ನ ಹಿಡಿತಕ್ಕೆ ತಂದುಕೊಂಡು, ಬೆಲೆ ಗೊತ್ತುಮಾಡಿ, ಹಡಗುಗಳನ್ನು ಕಟ್ಟಿಸಿ, ಮೀನುಗಾರಿಕೆಗೆ ಹೋದ ಯುವಕರಿಗೆ ಕಡ್ಡಾಯ ಸೈನ್ಯಸೇವೆಯಿಂದ ವಿನಾಯಿತಿ ಕೊಟ್ಟಿತು. ಬಿಳಿ ಬಣ್ಣದ ದೊಡ್ಡ ಹಡಗಿನಿಂದ ಒಬ್ಬೊಬ್ಬನೇ ಒಂದೊಂದು ಪುಟ್ಟ ದೋಣಿಯಲ್ಲಿ ಇಳಿದು, ಮಂಜಿನ ನಡುವೆ ಕೈದಾರ ಬಿಟ್ಟು ದಿನವಿಡೀ ಮೀನು ಹಿಡಿಯುವ ಪದ್ಧತಿ 1970ರ ದಶಕದ ತನಕವೂ ನಡೆಯಿತು. ಹೋದವರೆಲ್ಲ ಹಿಂತಿರುಗುತ್ತಿರಲಿಲ್ಲ.

ಹಾಗಿದ್ದ ಮೇಲೆ ಕೋಟೆಗೂ ಮೀನಿಗೂ ಏನು ವ್ಯತ್ಯಾಸ? ವ್ಯತ್ಯಾಸವಿದೆ. ಸರ್ಕಾರ ಬಿದ್ದಿತು, 1974ರ ಏಪ್ರಿಲ್ 25ರಂದು ಸೈನಿಕರ ಬಂದೂಕಿನ ತುದಿಗೆ ಕೆಂಪು ಹೂವು ಸಿಕ್ಕಿಸಿ ಜನ ಅದನ್ನು ಸಂಭ್ರಮಿಸಿದರು. ಆಮೇಲೆ ಕೋಟೆ ಪ್ರವಾಸಿಗಳ ಪಾಲಾಯಿತು, ಮೀನು ಮಾತ್ರ ಮನೆಮಂದಿಯ ಬಳಿಯೇ ಉಳಿಯಿತು. ಅದನ್ನು ಅವರು ದಿನವೂ ಬದಲಾಯಿಸುತ್ತ, ಜಗಳವಾಡುತ್ತ, ತಮ್ಮ ತಾಯಿಯ ಕೈರುಚಿಯ ಜೊತೆ ಹೋಲಿಸುತ್ತ ಇದ್ದಾರೆ. ಮೀನನ್ನು ಎಳೆಎಳೆಯಾಗಿ ಬಿಡಿಸಿ, ಈರುಳ್ಳಿ, ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆ, ಮೊಟ್ಟೆ ಹಾಕಿ ಕೆದಕಿ, ಮೇಲೆ ಕಪ್ಪು ಆಲಿವ್ ಇಡುವ ‘ಆ ಬ್ರಾಸ್’ ಎಂಬ ಬಗೆ ಒಂದು ತಾಸ್ಕಾದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಮೊಟ್ಟೆ ಎಷ್ಟು ಹಸಿಯಿರಬೇಕು ಎಂಬುದೇ ಅಲ್ಲಿ ಒಂದು ಚರ್ಚೆ. ಊರಿನವರು ಇನ್ನೂ ವಾದ ಮಾಡುತ್ತಿರುವ ಸಂಗತಿ ಯಾವುದೋ ಅದನ್ನು ಕಂಡರೆ ಊರನ್ನು ಕಂಡಹಾಗೆ ಎಂಬುದು ನನ್ನ ಅಳತೆಗೋಲು. ಕೋಟೆಯ ಬಗ್ಗೆ ಲಿಸ್ಬನ್ನಿನ ಯಾರೂ ಊಟದ ಹೊತ್ತಿಗೆ ವಾದ ಮಾಡುವುದಿಲ್ಲ.

ಪಟ್ಟಿಯಲ್ಲಿ ಒಂದನ್ನು ಮಾತ್ರ ಕನ್ನಡಿಗರು ಬಿಡಬಾರದು ಎಂದರೆ ಅದು ಬೆಲೆಂನ ಜೆರೋನಿಮೋಸ್ ಮಠ. 16ನೇ ಶತಮಾನದ ಮೊದಲ ವರ್ಷಗಳಲ್ಲಿ ದೊರೆ ಮಾನುಯೆಲ್ ಶುರುಮಾಡಿಸಿದ ಈ ಕಟ್ಟಡಕ್ಕೆ ದುಡ್ಡು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ 5ರ ತೆರಿಗೆಯಿಂದ. ಕಂಬಗಳ ಮೇಲೆ ಹಡಗಿನ ಹಗ್ಗ, ಹವಳ, ದೂರದೇಶದ ಗಿಡಬಳ್ಳಿಗಳನ್ನು ಕೆತ್ತಿದ್ದಾರೆ. ಚರ್ಚಿನ ಬಾಗಿಲು ದಾಟಿದ ಕೂಡಲೇ ವಾಸ್ಕೊ ಡ ಗಾಮನ ಕಲ್ಲುಗೋರಿ. ಕೈಮುಗಿದು ಮಲಗಿದ ಮೂರ್ತಿ, ಪಕ್ಕದಲ್ಲಿ ಹಡಗಿನ ಕೆತ್ತನೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಹಡಗು ದುರಸ್ತಿಗೆ ಈತ ನಿಂತದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಅವನ ಹಿಂದೆ ಬಂದವರಿಗೆ ಕರಿಮೆಣಸು ಮಾರಿದ, ಅವರೊಡನೆ ಗುದ್ದಾಡಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ ಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಅವರಿಗೆ ಕಪ್ಪ ಕೊಡಲೊಪ್ಪದೆ ಯುದ್ಧಕ್ಕೆ ನಿಂತಳು. ಆ ಗೋರಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುವ ನಮ್ಮವರಿಗೆ ಗೈಡ್ ಇದನ್ನು ಹೇಳುವುದಿಲ್ಲ. ಆತನಿಗೆ ಗೊತ್ತಿರಲೂ ಬೇಕಿಲ್ಲ. ನಮಗೆ ಗೊತ್ತಿದ್ದರೆ ಸಾಕು.

ಮಠದಿಂದ ಹೊರಬಂದು ಒಂದೆರಡು ನಿಮಿಷ ನಡೆದರೆ 1837ರಿಂದ ಮೊಟ್ಟೆಯ ಕಡುಬಿನಂಥ ಸಿಹಿ ಮಾರುವ ಅಂಗಡಿ. ಕ್ಯೂ ನೋಡಿ ಹೆದರುವುದು ಬೇಡ, ಅದು ಕಟ್ಟಿಸಿಕೊಂಡು ಹೋಗುವವರದ್ದು. ಒಳಗೆ ನೀಲಿ ಹೆಂಚು ಹಚ್ಚಿದ ಕೋಣೆಯ ಹಿಂದೆ ಕೋಣೆ ಇದೆ, ಬೇಗ ಜಾಗ ಸಿಗುತ್ತದೆ. ಪದರಪದರದ ಗರಿ ಹಿಟ್ಟಿನ ಬಟ್ಟಲು, ಒಳಗೆ ಮೊಟ್ಟೆಯ ಹಳದಿ, ಹಾಲು, ಸಕ್ಕರೆಯ ಪಾಕ, ಮೇಲೆ ಅಲ್ಲಲ್ಲಿ ಕಪ್ಪಾದ ಕಲೆ. ಬಿಸಿಯಾಗಿರುವಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರು, ಉಳಿದ ಹಳದಿಯಿಂದ ಸಿಹಿತಿಂಡಿಗಳ ಒಂದು ಪರಂಪರೆಯೇ ಬೆಳೆಯಿತು ಎಂದು ಹೇಳುತ್ತಾರೆ. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿದ ಮೇಲೆ ಒಳಗಿನ ಪಾಕವಿದ್ಯೆ ಬೀದಿಗೆ ಬಂತು. ದಾಲ್ಚಿನ್ನಿ ಸಿಂಹಳದ ದಾರಿ ತೋರಿಸುತ್ತದೆ. ಸಕ್ಕರೆ ತೋರಿಸುವ ದಾರಿ ಕರಾಳ; ಬ್ರೆಜಿಲ್ಲಿನ ಕಬ್ಬಿನ ಗದ್ದೆಗಳಲ್ಲಿ ದುಡಿದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. ಮಠದ ಕಲ್ಲು ಸಾಮ್ರಾಜ್ಯದ ವೈಭವವನ್ನಷ್ಟೇ ಹೇಳುತ್ತದೆ. ತಟ್ಟೆಯ ಲೆಕ್ಕದಲ್ಲಿ ಆಳುಗಳೂ ಬರುತ್ತಾರೆ.

ಪಟ್ಟಿಗೆ ಸಾಮಾನ್ಯವಾಗಿ ಸೇರದ ಇನ್ನೊಂದು ಜಾಗ ರೊಸ್ಸಿಯು ಚೌಕದ ಪಕ್ಕದ ಸಾವೊ ದೊಮಿಂಗೊಸ್ ಚೌಕ. ಅಲ್ಲಿ 1840ರಿಂದ ಇರುವ, ಇಬ್ಬರು ನಿಂತರೆ ತುಂಬುವ ಗೂಡಂಗಡಿಯಲ್ಲಿ ಜಿಂಜೀನ್ಯಾ ಎಂಬ ಹುಳಿ ಚೆರ್ರಿಯ ಮದ್ಯವನ್ನು ಸಣ್ಣ ಲೋಟದಲ್ಲಿ ಕೊಡುತ್ತಾರೆ. ಹಣ್ಣು ಬೇಕೋ ಬೇಡವೋ ಎಂದಷ್ಟೇ ಕೇಳುತ್ತಾರೆ. ಕುಡಿಯದವರು ನಿಂತು ನೋಡಿದರೂ ಆದೀತು, ಯಾಕೆಂದರೆ ಎದುರಿಗಿರುವ ಚರ್ಚು ಲಿಸ್ಬನ್ನಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಕಟ್ಟಡ. 1506ರಲ್ಲಿ ಇಲ್ಲಿಂದ ಹೊರಟ ಗುಂಪು, ಬಲವಂತವಾಗಿ ಮತಾಂತರಗೊಂಡಿದ್ದ ಯಹೂದಿಗಳನ್ನು ಹುಡುಕಿ ಹುಡುಕಿ ಕೊಂದಿತು. ಚೌಕದಲ್ಲಿ ಅದರ ಸ್ಮಾರಕಶಿಲೆ ಇದೆ. 1959ರ ಬೆಂಕಿಯಲ್ಲಿ ಚರ್ಚಿನ ಒಳಭಾಗ ಸುಟ್ಟಿತು. ಸಿಡಿದ ಕಂಬಗಳನ್ನು ಹಾಗೆಯೇ ಬಿಟ್ಟಿದ್ದಾರೆ, ಯಾವ ತೆನೆಯನ್ನೂ ಹೊಸದಾಗಿ ಕಟ್ಟಿಲ್ಲ. ಲಿಸ್ಬನ್ನಿನ ಮತವಿಚಾರಣೆಯ (ಇನ್‌ಕ್ವಿಸಿಷನ್) ನ್ಯಾಯಾಲಯ ಇದ್ದದ್ದು ಪಕ್ಕದ ರೊಸ್ಸಿಯುವಿನಲ್ಲೇ. ಅದರ ಶಾಖೆ 1560ರಲ್ಲಿ ಗೋವೆಗೆ ಬಂದು 1812ರ ತನಕ ನಡೆಯಿತು. ಮಂಗಳೂರು, ಕುಂದಾಪುರ, ಕುಮಟೆ, ಹೊನ್ನಾವರದ ಎಷ್ಟೋ ಕೊಂಕಣಿ ಮನೆತನಗಳು ಗೋವೆ ಬಿಟ್ಟು ಬಂದದ್ದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. ಇಷ್ಟನ್ನು ನೋಡಲು ಅರ್ಧ ಗಂಟೆ ಸಾಕು, ಟಿಕೆಟ್ ಇಲ್ಲ.

ಆಕ್ಷೇಪಗಳು ಬರುತ್ತವೆ, ಬರಲಿ. ‘ಷೆಂಗೆನ್ ವೀಸಾ ಶುಲ್ಕವೇ 90 ಯೂರೋ, ವಿಮಾನದ ಖರ್ಚು ಬೇರೆ, ಇನ್ನೊಮ್ಮೆ ಹೋಗುತ್ತೇವೋ ಇಲ್ಲವೋ, ಇರುವುದನ್ನೆಲ್ಲ ನೋಡಿಬಿಡಬೇಡವೇ?’ ಈ ಮಾತಿಗೆ ನಗುವಂತಿಲ್ಲ. ಜೀವಮಾನದ ಉಳಿತಾಯ ತೆಗೆದು ಹೋದವರ ಮಾತು ಇದು. ಆದರೆ ಖರ್ಚು ಹೆಚ್ಚಾದಷ್ಟೂ ನೆನಪಿನಲ್ಲಿ ಉಳಿಯುವುದಕ್ಕೆ ಬೆಲೆ ಹೆಚ್ಚು. ಸಿಂತ್ರಾದ ಮೂರು ಅರಮನೆಗಳನ್ನು ಒಂದೇ ದಿನ ಓಡಿಕೊಂಡು ನೋಡಿದವರಲ್ಲಿ, ಯಾವ ಕೋಣೆ ಯಾವ ಅರಮನೆಯದು ಎಂದು ಒಂದು ತಿಂಗಳ ಮೇಲೆ ಹೇಳಬಲ್ಲವರು ಎಷ್ಟು ಜನ? ಮೊಬೈಲಿನ ಫೋಟೋ ನೋಡಿಯೂ ಗುರುತು ಹತ್ತುವುದಿಲ್ಲ.

ಎರಡನೆಯದು ನಮ್ಮವರಿಗೆ ದೊಡ್ಡದು: ಸಸ್ಯಾಹಾರ. ಈ ಒಂದು ಕಾರಣಕ್ಕೇ ‘ರಾತ್ರಿ ಇಂಡಿಯನ್ ಊಟ ಉಂಟು’ ಎಂಬ ಸಾಲು ಪ್ಯಾಕೇಜಿನ ಜಾಹೀರಾತಿನಲ್ಲಿ ಕೋಟೆಗಿಂತ ದಪ್ಪ ಅಕ್ಷರದಲ್ಲಿರುತ್ತದೆ. ಲಿಸ್ಬನ್ ಮೀನಿನ ಊರು; ಕಷ್ಟವಿಲ್ಲ ಎಂದರೆ ಸುಳ್ಳಾದೀತು. ಆದರೆ ಜನ ಹೆದರುವಷ್ಟು ಕಷ್ಟವೂ ಇಲ್ಲ. ತಾಸ್ಕಾದ ದಿನದ ಸೂಪು ಹೆಚ್ಚಾಗಿ ಬೇಯಿಸಿ ರುಬ್ಬಿದ ತರಕಾರಿಯದು. ಎಳೆಎಳೆಯಾಗಿ ಹೆಚ್ಚಿದ ಸೊಪ್ಪಿನ ‘ಕಾಲ್ದು ವೆರ್ದ್’ ಇದ್ದರೆ ಮಾತ್ರ ಎಚ್ಚರ, ಅದರಲ್ಲಿ ಹಂದಿಮಾಂಸದ ಒಂದು ತುಂಡು ತೇಲುತ್ತಿರುತ್ತದೆ. ಹುರುಳಿಕಾಯಿಯನ್ನು ಇಡಿಯಾಗಿ ಹಿಟ್ಟಿನಲ್ಲಿ ಅದ್ದಿ ಕರಿಯುವ ‘ಪೈಶೀನ್ಯೂಸ್ ದ ಓರ್ತಾ’ದ ಹೆಸರಿನಲ್ಲಿ ಮೀನಿದ್ದರೂ ತಟ್ಟೆಯಲ್ಲಿ ಇರುವುದು ಬಜ್ಜಿಯೇ. ಈ ಕರಿಯುವ ವಿದ್ಯೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಜಪಾನಿಗೆ ಹೋಗಿ ಅಲ್ಲಿ ತೆಂಪುರಾ ಆಯಿತು. ಟೊಮೆಟೊ ಅನ್ನ, ರಾಜ್ಮಾದಂಥ ಕಾಳು ಹಾಕಿದ ಅನ್ನ ಇವೆ. ಮೊಟ್ಟೆ ತಿನ್ನುವವರಿಗೆ ಬೆಳ್ಳುಳ್ಳಿ, ಕೊತ್ತಂಬರಿ, ಬ್ರೆಡ್ಡಿನ ‘ಅಸೋರ್ದಾ’ ಇದೆ. ಯಾವುದಕ್ಕೂ ಕೇಳುವಾಗ ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೀನೂ ಬೇಡ ಎಂದು ಬೇರೆಯಾಗಿ ಹೇಳಬೇಕು. ‘ಸೆಂ ಕಾರ್ನ್, ಸೆಂ ಪೈಶ್’ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಕೆಲಸ ನಡೆಯುತ್ತದೆ. ಪೋರ್ಚುಗಲ್ಲಿನಲ್ಲಿ 2017ರಿಂದ ಸರ್ಕಾರಿ ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಜೈಲುಗಳ ಕ್ಯಾಂಟೀನುಗಳಲ್ಲಿ ಪೂರ್ತಿ ಸಸ್ಯಮೂಲದ ಒಂದು ಊಟ ಇರಲೇಬೇಕೆಂಬ ಕಾನೂನೇ ಇದೆ.

ಹೋದ ಕಡೆಯೆಲ್ಲ ಇಂಡಿಯನ್ ಊಟ ಬೇಡುವುದು ಅವಮಾನದ ಸಂಗತಿ ಎಂದು ನಾನು ಹೇಳುವವನಲ್ಲ. ಎಪ್ಪತ್ತು ದಾಟಿದವರ ಹೊಟ್ಟೆಗೆ ಅದರದ್ದೇ ನ್ಯಾಯವಿದೆ, ಚಟ್ನಿಪುಡಿಯ ಡಬ್ಬಿಗೆ ನನ್ನ ಪೂರ್ಣ ಬೆಂಬಲ. ಆದರೆ ಲಿಸ್ಬನ್ನಿನಲ್ಲಿ ‘ಇಂಡಿಯನ್’ ಎನ್ನುವುದೂ ಊರಿನ ಕಥೆಯ ಭಾಗವೇ. ಗೋವೆಯವರು, ಮೊಜಾಂಬಿಕ್ ಸ್ವತಂತ್ರವಾದ ಮೇಲೆ ಅಲ್ಲಿಂದ ಬಂದ ಗುಜರಾತಿಗಳು ಇಲ್ಲಿ ನೆಲೆಸಿ ಎರಡು ಮೂರು ತಲೆಮಾರು ಆಯಿತು. ಗೋವೆ ಮೂಲದ ಸಮೋಸ ‘ಶಮೂಸಾ’ ಆಗಿ ಮಾಮೂಲಿ ಕಾಫಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ಮಾರ್ಟಿಂ ಮೊನಿಜ್ ಚೌಕದ ಸುತ್ತಲಿನ ಗಲ್ಲಿಗಳಲ್ಲಿ ಬಾಂಗ್ಲಾದೇಶದವರ ದಿನಸಿ ಅಂಗಡಿಗಳು ಸಾಲಾಗಿವೆ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಪನೀರ್ ಬಟರ್ ಮಸಾಲ ಬಡಿಸಿ ಕಳಿಸುವ ಹಾಲಿಗಿಂತ ಇಲ್ಲಿ ಒಂದು ಸಂಜೆ ನಡೆದಾಡುವುದು ಮೇಲು.

ಮೂರನೆಯ ಆಕ್ಷೇಪವನ್ನು ನಾನೇ ಎತ್ತಬೇಕು. ತಿನ್ನುವುದೂ ಈಗ ಒಂದು ಪಟ್ಟಿಯಾಗಿದೆ. 2014ರಲ್ಲಿ ರಿಬೇರಾ ಮಾರುಕಟ್ಟೆಯ ಒಂದು ಭಾಗ ಹೆಸರಾಂತ ಬಾಣಸಿಗರ ಮಳಿಗೆಗಳ ಹಾಲ್ ಆಯಿತು. ಅಲ್ಲಿ ಅಕ್ಕಪಕ್ಕ ಕೂತವರೆಲ್ಲ ನಮ್ಮ ಹಾಗೆಯೇ ಹೊರಗಿನವರು. ‘ಮಿಸ್ ಮಾಡಬಾರದ ಹತ್ತು ರುಚಿ’ ಹಿಡಿದು ಓಡುವವನಿಗೂ ಹತ್ತು ಸ್ಮಾರಕ ಹಿಡಿದು ಓಡುವವನಿಗೂ ಏನೂ ಭೇದವಿಲ್ಲ. ಇನ್ನೂ ಗಂಭೀರ ಪ್ರಶ್ನೆ ಬಾಡಿಗೆಯದು. ಅಲ್ಫಾಮಾದಂಥ ಹಳೆಯ ಬಡಾವಣೆಗಳಲ್ಲಿ ಮನೆಗಳು ಪ್ರವಾಸಿ ವಸತಿಗಳಾಗುತ್ತಿದ್ದಂತೆ ಅಲ್ಲಿದ್ದವರು ಹೊರಟುಹೋದರು. ಗಿರಾಕಿಗಳಿಲ್ಲದ ತಾಸ್ಕಾ ಬ್ರಂಚ್ ಹೋಟೆಲಾಯಿತು. ನಗರಪಾಲಿಕೆ ಹಳೆಯ ಅಂಗಡಿಗಳನ್ನು ಗುರುತಿಸಿ ಕಾಪಾಡುವ ಯೋಜನೆಯನ್ನು 2015ರಲ್ಲಿ ತಂದಿತು. ಪ್ರವಾಸಿಗಳ ಮೇಲಿನ ತೆರಿಗೆಯನ್ನು 2024ರ ಸೆಪ್ಟೆಂಬರಿನಿಂದ ತಲೆಗೆ ರಾತ್ರಿಗೆ 2 ಯೂರೋದಿಂದ 4ಕ್ಕೆ ಏರಿಸಿತು. ಹೀಗಿರುವಾಗ ‘ಊರಿನವರು ಉಣ್ಣುವ ಕಡೆ ಹೋಗಿ ಉಣ್ಣಿ’ ಎಂದು ಪ್ರವಾಸಿಗಳಿಗೆ ಹೇಳುವುದು ಊರಿನವರ ಕೊನೆಯ ಮೇಜನ್ನೂ ಕಿತ್ತುಕೊಂಡಂತಲ್ಲವೇ?

ಭಾಗಶಃ ಹೌದು. ಆದರೆ ಮಾಮೂಲಿ ಬೆಲೆಯಲ್ಲಿ, ಮಾಮೂಲಿ ಹೊತ್ತಿನಲ್ಲಿ, ದಿನದ ಅಡುಗೆಯನ್ನೇ ಉಂಡು ಏಳುವ ಗಿರಾಕಿಯಿಂದ ತಾಸ್ಕಾ ತಾಸ್ಕಾವಾಗಿಯೇ ಬದುಕುತ್ತದೆ. ಅದನ್ನು ಕೆಡಿಸುವವನು, ಅಲ್ಲಿಯೂ ಬಣ್ಣದ ಮೆನು, ಆವಕಾಡೊ ಟೋಸ್ಟು ಕೇಳುವವನು. 28ನೇ ಟ್ರಾಮಿನ ವಿಷಯದಲ್ಲಿ ಇಷ್ಟೂ ಸಮಜಾಯಿಷಿ ಇಲ್ಲ. ಅದು ಗುಡ್ಡದ ಮೇಲಿನ ವಯಸ್ಸಾದವರು ಮಾರುಕಟ್ಟೆಗೆ ಇಳಿದು ಹತ್ತುವ ಬಂಡಿ. ನಾವು ಮೋಜಿಗೆಂದು ತುಂಬಿಕೊಂಡರೆ ಸಂಚಿ ಹಿಡಿದ ಅಜ್ಜಿ ನಿಲ್ದಾಣದಲ್ಲೇ ಉಳಿಯುತ್ತಾಳೆ. ಜೇಬುಗಳ್ಳರೂ ಅದರಲ್ಲೇ ಹೆಚ್ಚು. ಅದನ್ನು ಪಟ್ಟಿಯಿಂದ ತೆಗೆದರೆ ಇಬ್ಬರಿಗೂ ಲಾಭ.

ಹಾಗಾಗಿ ಲಿಸ್ಬನ್ನಿಗೋ ಅಂಥದ್ದೇ ಇನ್ನೊಂದು ಊರಿಗೋ ಹೊರಡುವವರಲ್ಲಿ ಒಂದು ಕೋರಿಕೆ. ಏಜೆಂಟರ ಕೈಗೆ ಮುಂಗಡ ಕೊಡುವ ಮುಂಚೆ, ಹನ್ನೆರಡೂವರೆಯಿಂದ ಮೂರರ ತನಕ ಏನನ್ನೂ ಹಾಕಬೇಡಿ ಎಂದು ಬರೆಸಿಕೊಳ್ಳಿ. ಇರುವ ದಿನಗಳಷ್ಟೇ ಸ್ಥಳಗಳನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿಸಿ. ಭಾನುವಾರ ಬಹುಪಾಲು ತಾಸ್ಕಾಗಳು ಬಾಗಿಲು ಹಾಕಿರುತ್ತವೆ. ಶುಕ್ರವಾರದಿಂದ ಭಾನುವಾರಕ್ಕೆ ಬದಲು ಮಂಗಳವಾರದಿಂದ ಗುರುವಾರಕ್ಕೆ ಟಿಕೆಟ್ ಮಾಡಿಸಿ.